ಮೊದಲ ಚಿತ್ರಕಲಾ ಪ್ರದರ್ಶನಕ್ಕೆ ತಯಾರಿ: ಕಲಾವಿದರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಡಿಗೆಗೆ ಸಿಗುವ ಗ್ಯಾಲರಿಯಲ್ಲಿ, ಸ್ವಂತ ಖರ್ಚಿನಲ್ಲಿ ಪ್ರದರ್ಶನ ಮಾಡಲು ಹೊರಟಿರುವ ಕಲಾವಿದರಿಗಾಗಿ ಈ ಪುಟ. ನಮ್ಮಲ್ಲಿ ಹೆಚ್ಚಿನವರ ಮೊದಲ ಪ್ರದರ್ಶನ ನಡೆಯುವುದೇ ಹಾಗೆ. ಚಿತ್ರ ಬರೆಯುವುದನ್ನು ಕಾಲೇಜಿನಲ್ಲಿ ಕಲಿಸುತ್ತಾರೆ. ಆದರೆ ಮೊಳೆ, ತಂತಿ, ಬೆಲೆ, ರಸೀದಿ, ಟೆಂಪೋ ಇವನ್ನೆಲ್ಲ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು, ಬೇರೆ ಊರಿನಲ್ಲೂ ಕೆಲಸ ಹೆಚ್ಚುಕಮ್ಮಿ ಇದೇ.

ಎಷ್ಟು ಚಿತ್ರಗಳಿದ್ದರೆ ಪ್ರದರ್ಶನ ಮಾಡಬಹುದು?

ಮೊದಲು ಗೋಡೆ ಅಳೆಯಿರಿ, ಆಮೇಲೆ ಚಿತ್ರ ಎಣಿಸಿ. ಗ್ಯಾಲರಿಯಲ್ಲಿ ಬಾಗಿಲು, ಕಿಟಕಿ, ಸ್ವಿಚ್ ಬೋರ್ಡು ಕಳೆದು ಒಟ್ಟು 60 ಅಡಿ ಉದ್ದದ ಗೋಡೆ ಸಿಗುತ್ತದೆ ಅಂದುಕೊಳ್ಳಿ. ನಿಮ್ಮ ಚಿತ್ರಗಳು ಸುಮಾರು 3 ಅಡಿ ಅಗಲ. ಎರಡು ಚಿತ್ರಗಳ ನಡುವೆ 2 ಅಡಿ ಬಿಟ್ಟರೆ ಒಂದಕ್ಕೆ 5 ಅಡಿ ಆಯಿತು. ಅಲ್ಲಿಗೆ 12 ಚಿತ್ರ. ಬಾಡಿಗೆ ಕೊಟ್ಟಿದ್ದೇವೆ ಅಂತ 25 ಚಿತ್ರ ತುಂಬಿದರೆ ನೋಡುವವರ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಖಾಲಿ ಗೋಡೆ ದಂಡವಲ್ಲ. ಪಕ್ಕದ ಚಿತ್ರವನ್ನು ನೋಡುವಂತೆ ಮಾಡುವುದೇ ಅದು.

ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು?

ನನ್ನ ಪ್ರಕಾರ ಇಡೀ ತಯಾರಿಯಲ್ಲಿ ಅತಿ ಕಷ್ಟದ ಕೆಲಸ ಇದೇ. ಇದಕ್ಕೆ ಕೊಡುವ ಸಮಯವೂ ಸಾಮಾನ್ಯವಾಗಿ ಕಡಿಮೆ. ಎಲ್ಲರೂ ಬ್ರೋಷರ್‌ಗೆ ಒಂದು ವಾರ ಕೊಡುತ್ತಾರೆ, ಆಯ್ಕೆಗೆ ಒಂದು ಸಂಜೆ.

ಎಲ್ಲ ಚಿತ್ರಗಳನ್ನೂ ಒಂದು ಕೋಣೆಯಲ್ಲಿ ನೆಲದ ಮೇಲೆ ಸಾಲಾಗಿ ಗೋಡೆಗೆ ಒರಗಿಸಿ. ಒಂದೆರಡು ವಾರ ಹಾಗೇ ಇರಲಿ. ಬೆಳಿಗ್ಗೆ ಕಾಫಿ ಕುಡಿಯುವಾಗ, ರಾತ್ರಿ ದೀಪ ಆರಿಸುವ ಮುನ್ನ ಸುಮ್ನೆ ನೋಡುತ್ತಿರಿ. ಕೆಲವು ಚಿತ್ರಗಳು ಒಂದಕ್ಕೊಂದು ಮಾತಾಡುವುದು ಕಾಣುತ್ತದೆ. ಕೆಲವು ಚೆನ್ನಾಗಿದ್ದರೂ ಈ ಗುಂಪಿಗೆ ಸೇರುವುದಿಲ್ಲ. ಅವನ್ನು ಮುಂದಿನ ಪ್ರದರ್ಶನಕ್ಕೆ ತೆಗೆದಿಡಿ.

ಹೊಸಬರಲ್ಲಿ ಒಂದು ಅಭ್ಯಾಸವಿದೆ. ಒಂದು ಭೂದೃಶ್ಯ, ಒಂದು ಭಾವಚಿತ್ರ, ಎರಡು ಅಮೂರ್ತ, ಒಂದು ಗಣಪತಿ ಹೀಗೆ ಬಂದದ್ದನ್ನೆಲ್ಲ ತೋರಿಸುವುದು. ನೋಡುವವರಿಗೆ ಕೈಚಳಕ ಕಾಣುತ್ತದೆ, ಕಲಾವಿದ ಕಾಣುವುದಿಲ್ಲ. ಒಂದೇ ವಿಷಯ ಇರಲೇಬೇಕು ಅಂತಿಲ್ಲ. ಒಂದೇ ಹುಡುಕಾಟ ಇದ್ದರೆ ಸಾಕು. ನಿಮ್ಮ ಕೆಲಸವನ್ನು ಬಹಳ ದಿನದಿಂದ ನೋಡಿಕೊಂಡು ಬಂದಿರುವ, ಮುಲಾಜಿಲ್ಲದೆ ಮಾತಾಡುವ ಒಬ್ಬರನ್ನು ಕರೆಯಿರಿ. ಗುರುಗಳಾದರೂ ಸರಿ, ಜೊತೆಗಾರರಾದರೂ ಸರಿ. "ಇದರಲ್ಲಿ ನಾಲ್ಕು ತೆಗೆಯಬೇಕು ಅಂದರೆ ಯಾವುದು ತೆಗೀತೀರಿ?" ಅಂತ ಕೇಳಿ. "ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಕೊನೆಯ ವಾರ ಗಡಿಬಿಡಿಯಲ್ಲಿ ಬರೆದ ಚಿತ್ರವನ್ನು ದಯವಿಟ್ಟು ಸೇರಿಸಬೇಡಿ. ಅದನ್ನು ನೀವೇ ಇನ್ನೂ ಸರಿಯಾಗಿ ನೋಡಿರುವುದಿಲ್ಲ.

ಏಕವ್ಯಕ್ತಿ ಪ್ರದರ್ಶನ ಒಳ್ಳೆಯದಾ, ಸಮೂಹ ಪ್ರದರ್ಶನವಾ?

ಕೈಯಲ್ಲಿ ಒಂದೇ ದಾರಿಯ ಹತ್ತು ಹನ್ನೆರಡು ಗಟ್ಟಿ ಚಿತ್ರಗಳಿದ್ದರೆ ಏಕವ್ಯಕ್ತಿ ಪ್ರದರ್ಶನ. ಇಲ್ಲದಿದ್ದರೆ ಮೂರು ನಾಲ್ಕು ಜನ ಸೇರಿ ಮಾಡಿ. ಬಾಡಿಗೆ, ಸಾಗಣೆ, ಬ್ರೋಷರ್ ಖರ್ಚು ಹಂಚಿಹೋಗುತ್ತದೆ. ನೋಡಲು ಬರುವವರೂ ಜಾಸ್ತಿ. ಆದರೆ ಯಾರಿಗೆ ಯಾವ ಗೋಡೆ, ಖರ್ಚು ಹೇಗೆ ಹಂಚಿಕೆ, ಗ್ಯಾಲರಿಯಲ್ಲಿ ಯಾರು ಯಾವತ್ತು ಕೂರುವುದು ಇವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸ್ನೇಹ ಕೆಡುವುದು ಹೆಚ್ಚಾಗಿ ಬಾಗಿಲ ಎದುರಿನ ಗೋಡೆಯ ವಿಷಯಕ್ಕೇ.

ಜಾಗ ಎಲ್ಲಿ ಹುಡುಕಬೇಕು? ಎಷ್ಟು ಮುಂಚೆ?

ಬೆಂಗಳೂರಿನಲ್ಲಿ ಹೆಚ್ಚಿನವರು ಮೊದಲು ವಿಚಾರಿಸುವುದು ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ. ಅಲ್ಲಿ ಬೇರೆ ಬೇರೆ ಅಳತೆಯ ಗ್ಯಾಲರಿಗಳು ಬಾಡಿಗೆಗೆ ಸಿಗುತ್ತವೆ. ದಾರಿಯಲ್ಲಿ ಹೋಗುವ ಕಲಾಸಕ್ತರು, ವಿದ್ಯಾರ್ಥಿಗಳು ತಾವಾಗಿಯೇ ಒಳಗೆ ಬರುವುದು ಅಲ್ಲಿನ ದೊಡ್ಡ ಅನುಕೂಲ. ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದ ಬಳಿ ರಂಗೋಲಿ ಮೆಟ್ರೋ ಕಲಾ ಕೇಂದ್ರವಿದೆ. ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕರ್ನಾಟಕ ಲಲಿತಕಲಾ ಅಕಾಡೆಮಿಯ ಕಚೇರಿ ಇದೆ. ಅಕಾಡೆಮಿ ವಾರ್ಷಿಕ ಕಲಾ ಪ್ರದರ್ಶನ ನಡೆಸುತ್ತದೆ, ಅದಕ್ಕೆ ಅರ್ಜಿ ಕರೆಯುವುದನ್ನು ಗಮನಿಸುತ್ತಿರಿ. ಮುಂಬೈ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ ಶುರುವಾದದ್ದು 1952ರಲ್ಲಿ. ಅಲ್ಲಿ ತೋರಿಸುವ ಕನಸು ತುಂಬ ಜನರಿಗಿದೆ, ಆದರೆ ಅಲ್ಲಿ ವರ್ಷಗಟ್ಟಲೆ ಕಾಯಬೇಕು. ಅರ್ಜಿ ಹಾಕಿಟ್ಟು ಇಲ್ಲಿಯ ಕೆಲಸ ಮುಂದುವರಿಸಿ.

ಚಳಿಗಾಲದ ತಿಂಗಳುಗಳಿಗೆ ಬೇಡಿಕೆ ಜಾಸ್ತಿ. ಆರು ತಿಂಗಳು ಮುಂಚೆ, ಸಾಧ್ಯವಾದರೆ ಅದಕ್ಕೂ ಮುಂಚೆ ವಿಚಾರಿಸಿ. ಹಣ ಕಟ್ಟುವ ಮೊದಲು ಒಂದು ಸಲ ಹೋಗಿ ನೋಡಿ. ಗೋಡೆಗೆ ಮೊಳೆ ಹೊಡೆಯಬಹುದಾ, ಇಲ್ಲ ಮೇಲಿನ ಪಟ್ಟಿಯಿಂದ ತಂತಿ ಇಳಿಬಿಡಬೇಕಾ? ಹಿಂದಿನ ಪ್ರದರ್ಶನದವರು ಎಷ್ಟು ಹೊತ್ತಿಗೆ ಖಾಲಿ ಮಾಡುತ್ತಾರೆ? ಕರೆಂಟು ಹೋದರೆ ಜನರೇಟರ್ ಇದೆಯಾ? ರಾತ್ರಿ ಬೀಗ ಯಾರ ಕೈಯಲ್ಲಿರುತ್ತದೆ? ಮಾರಾಟದಲ್ಲಿ ಕಮಿಷನ್ ಇದೆಯಾ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ.

ಚಿತ್ರಸಂತೆಯಲ್ಲಿ ಕೂತರೆ ಸಾಲದಾ?

ಎರಡೂ ಬೇರೆ ಬೇರೆ. ಪರಿಷತ್ತು ಪ್ರತಿ ವರ್ಷ ನಡೆಸುವ ಚಿತ್ರಸಂತೆಯಲ್ಲಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆ ಪೂರ್ತಿ ಚಿತ್ರಗಳೇ. ದೇಶದ ಮೂಲೆ ಮೂಲೆಯಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ಗ್ಯಾಲರಿ ಮೆಟ್ಟಿಲು ಹತ್ತಲು ಹಿಂಜರಿಯುವ ಮನೆಮಂದಿ ಅಲ್ಲಿ ಧೈರ್ಯವಾಗಿ ಬೆಲೆ ಕೇಳುತ್ತಾರೆ. ಇದನ್ನು ಕಂಡರೆ ನನಗೆ ನಿಜಕ್ಕೂ ಸಂತೋಷ. ಅಲ್ಲಿಗೆ ಚಿಕ್ಕ ಗಾತ್ರದ, ಎತ್ತಿಕೊಂಡು ಹೋಗಬಹುದಾದ ಕೆಲಸ ಒಯ್ಯಿರಿ. ಜನ ಯಾವುದರ ಮುಂದೆ ನಿಲ್ಲುತ್ತಾರೆ ಅನ್ನುವುದೂ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಆದರೆ ನಿಧಾನವಾಗಿ ನೋಡಬೇಕಾದ ಚಿತ್ರಸರಣಿಗೆ ಗ್ಯಾಲರಿಯೇ ಬೇಕು.

ತೈಲವರ್ಣ ಇನ್ನೂ ಪೂರ್ತಿ ಒಣಗಿಲ್ಲ. ಇಡಬಹುದಾ?

ಮುಟ್ಟಿದರೆ ಅಂಟದಷ್ಟು ಒಣಗಿದ್ದರೆ ಇಡಬಹುದು, ವಾರ್ನಿಷ್ ಮಾತ್ರ ಬೇಡ. ಎಣ್ಣೆಬಣ್ಣ ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಅದರೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಅಂಬರ್‌ನಂತಹ ಕಂದು ಮಣ್ಣಿನ ಬಣ್ಣಗಳು ಬೇಗ ಒಣಗುತ್ತವೆ, ಐವರಿ ಬ್ಲ್ಯಾಕ್ ಮತ್ತು ಅಲಿಜರಿನ್ ಕೆಂಪು ನಿಧಾನ. ದಪ್ಪಗೆ ಚಾಕುವಿನಲ್ಲಿ ಹಚ್ಚಿದ ಬಣ್ಣ ಮೇಲೆ ಕೆನೆಗಟ್ಟಿ ಒಳಗೆ ತಿಂಗಳುಗಟ್ಟಲೆ ಮೆತ್ತಗೇ ಇರುತ್ತದೆ. ಅದಕ್ಕೇ ಕೊನೆಯ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಿರಿ ಅನ್ನುವುದು. ಅನುಮಾನ ಇದ್ದರೆ ಹತ್ತಿಗೆ ಚೂರು ಮಿನರಲ್ ಟರ್ಪೆಂಟೈನ್ ತಾಗಿಸಿ, ಚಿತ್ರದ ಅಂಚಿನಲ್ಲಿ ಮೆಲ್ಲಗೆ ಒರೆಸಿ ನೋಡಿ. ಹತ್ತಿಗೆ ಬಣ್ಣ ಬಂದರೆ ಇನ್ನೂ ಹೊತ್ತು ಬೇಕು. ಪ್ರದರ್ಶನಕ್ಕೆ ಮಾತ್ರ ಹೊಳಪು ಸಮ ಮಾಡಬೇಕಿದ್ದರೆ ರಿಟಚಿಂಗ್ ವಾರ್ನಿಷ್ (ತಾತ್ಕಾಲಿಕ ವಾರ್ನಿಷ್) ತೆಳ್ಳಗೆ ಹೊಡೆಯಬಹುದು. ಕೊಳ್ಳುವವರಿಗೆ ಈ ಚಿತ್ರಕ್ಕೆ ಕೊನೆಯ ವಾರ್ನಿಷ್ ಇನ್ನೂ ಬಾಕಿ ಇದೆ ಅಂತ ಹೇಳಿಬಿಡಿ.

ಎಲ್ಲ ಚಿತ್ರಗಳಿಗೂ ಫ್ರೇಮ್ ಹಾಕಿಸಲೇಬೇಕಾ?

ಕ್ಯಾನ್ವಾಸ್‌ಗೆ ಹಾಕಿಸಲೇಬೇಕೆಂದಿಲ್ಲ. ಬದಿಗಳನ್ನು ಅಚ್ಚುಕಟ್ಟಾಗಿ ಬಣ್ಣ ಬಳಿದು ಮುಗಿಸಿದ್ದರೆ ಹಾಗೇ ತೂಗುಹಾಕಬಹುದು. ಸ್ಟೇಪ್ಲರ್ ಪಿನ್‌ಗಳು ಪಕ್ಕದಲ್ಲಿ ಕಾಣುತ್ತಿದ್ದರೆ ಮಾತ್ರ ಚೆನ್ನಾಗಿರುವುದಿಲ್ಲ. ಕ್ಯಾನ್ವಾಸ್ ಜೋಲು ಬಿದ್ದಿದ್ದರೆ ಹಿಂದಿನ ಮೂಲೆಗಳ ಮರದ ಬೆಣೆಗಳನ್ನು ಮೆಲ್ಲಗೆ ತಟ್ಟಿ ಬಿಗಿ ಮಾಡಿ.

ಕಾಗದದ ಮೇಲಿನ ಕೆಲಸಕ್ಕೆ ಫ್ರೇಮ್ ಬೇಕೇ ಬೇಕು. ಅಂಗಡಿಯವರಿಗೆ ಎರಡು ಮಾತು ಒತ್ತಿ ಹೇಳಿ: ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ದಪ್ಪ ರಟ್ಟು) ಆಸಿಡ್ ಇಲ್ಲದ್ದು ಇರಲಿ, ಗಾಜು ಚಿತ್ರಕ್ಕೆ ತಾಗದಿರಲಿ. ಗಾಜಿಗೆ ಅಂಟಿಕೊಂಡ ಜಲವರ್ಣಕ್ಕೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಕರಾವಳಿ, ಮಲೆನಾಡಿನ ಕಲಾವಿದರಿಗೆ ಇದನ್ನು ಹೇಳಬೇಕಾಗಿಲ್ಲ. ಚಿತ್ರವನ್ನು ಹಿಂದಿನ ಹಲಗೆಗೆ ಫೆವಿಕಾಲ್ ಹಚ್ಚಿ ಅಂಟಿಸಲು ಬಿಡಬೇಡಿ. ಮೇಲಂಚಿನಲ್ಲಿ ಎರಡು ಕಡೆ ಕಾಗದದ ಪಟ್ಟಿಯಿಂದ ಇಳಿಬಿಟ್ಟರೆ ಸಾಕು.

ಎಲ್ಲಕ್ಕೂ ಒಂದೇ ತರಹದ ಸರಳ ಫ್ರೇಮ್ ಇರಲಿ. ಚಿನ್ನದ ಬಣ್ಣದ ಹೂಬಳ್ಳಿ ಫ್ರೇಮ್ ಚಿತ್ರಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತದೆ.

ಸಾಗಿಸುವಾಗ ಹಾಳಾಗದಂತೆ ಕಟ್ಟುವುದು ಹೇಗೆ?

ಬಬಲ್ ಶೀಟನ್ನು ನೇರವಾಗಿ ಬಣ್ಣದ ಮೇಲೆ ಸುತ್ತಬೇಡಿ. ಅಕ್ರಿಲಿಕ್ ಬಿಸಿಗೆ ಮೆತ್ತಗಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಟೆಂಪೋದೊಳಗೆ ಗುಳ್ಳೆಗಳ ಗುರುತು ಸಾಲಾಗಿ ಚಿತ್ರದ ಮೇಲೆ ಮೂಡುತ್ತದೆ. ಮೊದಲು ಗ್ಲಾಸೀನ್ ಕಾಗದ, ಅದು ಸಿಗದಿದ್ದರೆ ನುಣುಪಾದ ಬಟರ್ ಪೇಪರ್. ಅದರ ಮೇಲೆ ಬಬಲ್ ಶೀಟು, ಗುಳ್ಳೆ ಹೊರಮುಖವಾಗಿ. ನಾಲ್ಕು ಮೂಲೆಗೆ ರಟ್ಟು. ಚಿತ್ರಗಳನ್ನು ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು ನಿಲ್ಲಿಸಿ, ನಡುವೆ ರಟ್ಟು ಇಟ್ಟು ಒಯ್ಯಿರಿ. ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ. ಪ್ರತಿ ಕಟ್ಟಿನ ಹೊರಗೆ ಚಿತ್ರದ ಸಂಖ್ಯೆ ದಪ್ಪಗೆ ಬರೆದಿರಿ. ಬಿಚ್ಚಿದ ಕಾಗದ, ರಟ್ಟು ಬಿಸಾಡಬೇಡಿ. ವಾಪಸ್ ಬರುವಾಗ ಅವೇ ಬೇಕು.

ಫೋಟೋ ಮೊಬೈಲಿನಲ್ಲೇ ತೆಗೆದರೆ ನಡೆಯುತ್ತದಾ?

ನಡೆಯುತ್ತದೆ. ಫ್ರೇಮ್ ಹಾಕಿಸುವ ಮೊದಲೇ ತೆಗೆಯಿರಿ, ಗಾಜು ಬಂದ ಮೇಲೆ ನಿಮ್ಮ ಮುಖವೂ ಬೀಳುತ್ತದೆ. ಮೋಡ ಕವಿದ ದಿನ ಹೊರಗಡೆ, ಇಲ್ಲವೇ ನೆರಳಿನಲ್ಲಿ. ಚಿತ್ರದ ನಟ್ಟನಡುವಿಗೆ ಸರಿಯಾಗಿ ಮೊಬೈಲ್ ಹಿಡಿಯಿರಿ. ತೀರಾ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ, ಸ್ವಲ್ಪ ಹಿಂದೆ ಸರಿದು ತೆಗೆಯಿರಿ. ಬಣ್ಣ ಚೆಂದ ಮಾಡುವ ಫಿಲ್ಟರ್ ಬೇಡ. ಅಚ್ಚಿಗೆ ಕೊಡುವಾಗ ವಾಟ್ಸಾಪ್‌ನಲ್ಲಿ ಕಳಿಸದೆ ಮೂಲ ಫೈಲನ್ನೇ ಕೊಡಿ. ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಇರಬೇಕು.

ಯಾವ ಎತ್ತರದಲ್ಲಿ ತೂಗುಹಾಕಬೇಕು?

ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಲಿ. ನಿಂತು ನೋಡುವವರ ಕಣ್ಣಿನ ಮಟ್ಟ ಸುಮಾರು ಅಷ್ಟೇ. ಚಿತ್ರಗಳ ಗಾತ್ರ ಬೇರೆ ಬೇರೆ ಇದ್ದರೂ ಈ ನಡುಗೆರೆ ಒಂದೇ ಇದ್ದರೆ ಗೋಡೆ ಸಮಾಧಾನವಾಗಿ ಕಾಣುತ್ತದೆ. ನಮ್ಮ ಮನೆಗಳಲ್ಲಿ ದೇವರ ಪಟ, ಹಿರಿಯರ ಫೋಟೋ ಎತ್ತರದಲ್ಲಿ ಹಾಕಿ ರೂಢಿ. ಅದೇ ಕೈ ಗ್ಯಾಲರಿಯಲ್ಲೂ ಮೇಲಕ್ಕೇ ಹೋಗುತ್ತದೆ. ಟೇಪು ಹಿಡಿದೇ ಅಳೆಯಿರಿ.

ಲೆಕ್ಕ ಹೀಗೆ. ಚಿತ್ರ 36 ಇಂಚು ಎತ್ತರ, ನಡುಗೆರೆ 58 ಇಂಚಿನಲ್ಲಿ ಬೇಕು. ಚಿತ್ರದ ಅರ್ಧ 18. ಅಂದರೆ ಮೇಲಂಚು 76 ಇಂಚಿಗೆ ಬರುತ್ತದೆ. ಈಗ ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿಯಿರಿ, ಮೊಳೆಯ ಮೇಲೆ ಕೂತಾಗ ಎಳೆಯುವಷ್ಟೇ. ತಂತಿಯ ತುದಿ ಮೇಲಂಚಿನಿಂದ 4 ಇಂಚು ಕೆಳಗಿದೆ ಅಂದರೆ ಮೊಳೆ 72 ಇಂಚಿನಲ್ಲಿ. ಪ್ರತಿ ಚಿತ್ರಕ್ಕೂ ಈ ಸಂಖ್ಯೆಯನ್ನು ಮನೆಯಲ್ಲೇ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ. ಗ್ಯಾಲರಿಯಲ್ಲಿ ಏಣಿಯ ಮೇಲೆ ನಿಂತು ಗುಣಾಕಾರ ಭಾಗಾಕಾರ ಮಾಡುವ ಪಾಡು ತಪ್ಪುತ್ತದೆ.

ಫ್ರೇಮಿನ ಹಿಂದೆ ತಂತಿ ಕಟ್ಟುವ ಡಿ-ರಿಂಗುಗಳು (D ಆಕಾರದ ಬಳೆಗಳು) ಮೇಲಂಚಿನಿಂದ ಮೂರನೇ ಒಂದು ಭಾಗ ಕೆಳಗಿರಲಿ. ತಂತಿಯನ್ನು ರಿಂಗಿನಲ್ಲಿ ಎರಡು ಸುತ್ತು ತಂದು, ತನ್ನ ಮೇಲೇ ಏಳೆಂಟು ಸಲ ಬಿಗಿಯಾಗಿ ಹೊಸೆಯಿರಿ. ತುದಿಗೆ ಟೇಪು ಸುತ್ತಿ, ಇಲ್ಲದಿದ್ದರೆ ಕೈಗೂ ಗೋಡೆಗೂ ಗೀರುತ್ತದೆ. ದೊಡ್ಡ ಚಿತ್ರಕ್ಕೆ ಎರಡು ಮೊಳೆ ಕೊಟ್ಟರೆ ಆಚೀಚೆ ವಾಲುವುದಿಲ್ಲ.

ಚಿತ್ರಗಳ ಅನುಕ್ರಮವನ್ನು ಮೊದಲು ನೆಲದ ಮೇಲೆ ಇಟ್ಟು ನೋಡಿ, ಆಮೇಲೆ ಮೊಳೆ. ಬಾಗಿಲಿನಿಂದ ಕಾಲಿಟ್ಟ ತಕ್ಷಣ ಕಾಣುವ ಜಾಗಕ್ಕೆ ದೂರದಿಂದಲೇ ಕರೆಯುವ ಚಿತ್ರ ಬೇಕು. ಚಿಕ್ಕ ಚಿತ್ರಗಳಿಗೆ ಮಾತ್ರ ಬೇರೆ ನ್ಯಾಯ. ಮೈಸೂರಿನ ಹಿರಿಯ ಕಲಾವಿದ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳನ್ನು ನೆನಪಿಸಿಕೊಳ್ಳಿ. ಆ ಮಂಜು, ಆ ನೀಲಿ ಗುಡ್ಡ ಹತ್ತಿರ ಹೋಗಿ ನಿಂತವರಿಗೇ ಸಿಗುವುದು. ಅಂಥ ಕೆಲಸವನ್ನು ಜನ ಓಡಾಡುವ ದಾರಿಯಲ್ಲಿ ಹಾಕದೆ, ನಿಲ್ಲಲು ಜಾಗವಿರುವ ಮೂಲೆಯಲ್ಲಿ ಒಟ್ಟಾಗಿ ಹಾಕಿ.

ಬೆಳಕಿನ ಬಗ್ಗೆ ಏನು ನೋಡಬೇಕು?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಎಸ್.ಎಲ್. ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಿದವರಿಗೆ ಬೆಳಕು ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ. ಅದು ಜಲವರ್ಣ. ಸುತ್ತ ಕತ್ತಲಿದ್ದಾಗ ದೀಪದ ಬೆಳಕು ಅವಳ ಬೆರಳುಗಳ ಸಂದಿಯಿಂದ ಮುಖಕ್ಕೆ ಬಡಿದಂತೆ ಕಾಣುತ್ತದೆ. ನಿಮ್ಮ ಗ್ಯಾಲರಿಯಲ್ಲಿ ಅಷ್ಟು ವ್ಯವಸ್ಥೆ ಇರುವುದಿಲ್ಲ. ಆದರೂ ಸ್ಪಾಟ್ ಲೈಟನ್ನು ತಿರುಗಿಸುವ ಅವಕಾಶ ಇರುತ್ತದೆ. ಬೆಳಕು ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಚಿತ್ರಕ್ಕೆ ಬೀಳಲಿ. ನೋಡುವವರು ನಿಲ್ಲುವ ಜಾಗದಲ್ಲಿ ನೀವೇ ನಿಂತು ಗಾಜಿನಲ್ಲಿ ಹೊಳಪು ಬರುತ್ತದಾ ನೋಡಿ. ನಿಮಗಿಂತ ಕುಳ್ಳಗಿರುವವರನ್ನೂ ನಿಲ್ಲಿಸಿ ಕೇಳಿ. ಕಿಟಕಿಯ ನೇರ ಬಿಸಿಲು ಬೀಳುವ ಕಡೆ ಜಲವರ್ಣ ಬೇಡ.

ಲೇಬಲ್‌ನಲ್ಲಿ ಏನೇನು ಬರೆಯಬೇಕು? ಇಂಗ್ಲಿಷ್ ಇದ್ದರೆ ಸಾಕಾ?

ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ. ಅಳತೆಯಲ್ಲಿ ಮೊದಲು ಎತ್ತರ, ಆಮೇಲೆ ಅಗಲ. ಬೆಲೆಯನ್ನು ಲೇಬಲ್ ಮೇಲೆ ಹಾಕಬಹುದು, ಇಲ್ಲವೇ ಮೇಜಿನ ಮೇಲೆ ಪಟ್ಟಿ ಇಡಬಹುದು. ಎರಡೂ ಇಲ್ಲದಿದ್ದರೆ ಕೇಳಲು ಸಂಕೋಚಪಟ್ಟು ಜನ ಹೊರಟುಹೋಗುತ್ತಾರೆ.

ದಯವಿಟ್ಟು ಕನ್ನಡದಲ್ಲೂ ಬರೆಯಿರಿ. ಕರ್ನಾಟಕದಲ್ಲಿ ಕನ್ನಡದ ಕಲಾವಿದರು ಮಾಡುವ ಪ್ರದರ್ಶನದಲ್ಲಿ ಒಂದು ಸಾಲು ಕನ್ನಡ ಕಾಣದಿದ್ದರೆ ನನಗೆ ನೋವಾಗುತ್ತದೆ. ಸೆಕ್ಯುರಿಟಿಯವರು, ಚಹಾ ತರುವ ಹುಡುಗ, ಶಾಲಾ ಮಕ್ಕಳು, ನಿಮ್ಮ ಅಜ್ಜಿ ಎಲ್ಲರೂ ನೋಡುಗರೇ ಅಲ್ವಾ?

ಗೋಡೆಯ ಮೇಲಿನ "ಕಲಾವಿದರ ಮಾತು" 150 ಪದ ದಾಟದಿರಲಿ. ಎಲ್ಲಿಂದ ಶುರುವಾಯಿತು, ಏನನ್ನು ನೋಡುತ್ತಿದ್ದಿರಿ, ಯಾಕೆ ಈ ಮಾಧ್ಯಮ, ಅಷ್ಟೇ. "ಅಸ್ತಿತ್ವದ ಅನಂತ ಆಯಾಮಗಳು" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ನಮ್ಮೂರ ಕೆರೆ ಬತ್ತಿದ ಮೇಲೆ ತಳದ ಮಣ್ಣು ಒಡೆದ ಬಗೆಯನ್ನು ಬಿಡಿಸತೊಡಗಿದೆ" ಅಂತ ಬರೆದರೆ ಓದಿದವರು ತಿರುಗಿ ಚಿತ್ರ ನೋಡುತ್ತಾರೆ.

ಬೆಲೆ ಹೇಗೆ ಇಡುವುದು?

ಮನಸ್ಸಿಗೆ ಬಂದಂತೆ ಇಡಬೇಡಿ. "ಇದು ನನಗೆ ತುಂಬ ಇಷ್ಟ" ಅಂತ ಒಂದಕ್ಕೆ ದುಪ್ಪಟ್ಟು ಬೆಲೆ ಹಾಕಿದರೆ ಕೊಳ್ಳುವವರಿಗೆ ಅರ್ಥವಾಗುವುದಿಲ್ಲ. ಅದು ಅಷ್ಟು ಇಷ್ಟವಾದರೆ ಮಾರಾಟಕ್ಕಿಲ್ಲ ಅಂತ ಬರೆಯಿರಿ.

ಚಲಾವಣೆಯಲ್ಲಿರುವ ಲೆಕ್ಕ ಎರಡು. ಒಂದು, ಚದರ ಇಂಚಿಗೆ ಇಷ್ಟು ಅಂತ. ಇಂಚಿಗೆ ₹20 ಅಂತ ಉದಾಹರಣೆಗೆ ಇಟ್ಟುಕೊಳ್ಳಿ. 24×36ರ ಚಿತ್ರ ₹17,280 ಆಗುತ್ತದೆ. 12×16ರ ಚಿಕ್ಕದು ಬರೀ ₹3,840. 48×60ರ ದೊಡ್ಡದು ₹57,600. ಚಿಕ್ಕದು ತೀರಾ ಅಗ್ಗ, ದೊಡ್ಡದು ಕೈಗೆಟುಕದ ಹಾಗೆ. ಎರಡನೆಯದು, ಎತ್ತರ ಅಗಲ ಕೂಡಿಸಿ ಗುಣಿಸುವುದು. ಇಂಚಿಗೆ ₹300 ಅಂದರೆ ಅದೇ ಮೂರು ಚಿತ್ರಗಳು ₹18,000, ₹8,400, ₹32,400. ಮೊದಲ ಪ್ರದರ್ಶನಕ್ಕೆ ಎರಡನೆಯ ಲೆಕ್ಕವೇ ವಾಸಿ ಅನ್ನುತ್ತೇನೆ. ಚಿಕ್ಕ ಚಿತ್ರಕ್ಕೂ ಶ್ರಮ ಬಿದ್ದಿರುತ್ತದೆ. ಫ್ರೇಮಿನ ಖರ್ಚು ಬೇರೆಯಾಗಿ ಸೇರಿಸಿ.

ಗ್ಯಾಲರಿ ಕಮಿಷನ್ ತೆಗೆದುಕೊಂಡರೆ, ಉದಾಹರಣೆಗೆ ಶೇ 40 ಅಂದರೆ, ₹18,000ದಲ್ಲಿ ನಿಮಗೆ ಸಿಗುವುದು ₹10,800. ಅದನ್ನು ನೋಡಿಕೊಂಡೇ ಬೆಲೆ ಕಟ್ಟಿ. ಮನೆಯಲ್ಲಿ ಒಂದು ಬೆಲೆ, ಗ್ಯಾಲರಿಯಲ್ಲಿ ಒಂದು ಬೆಲೆ ಇಡಬೇಡಿ. ಕೊಂಡವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಾರೆ. ಬೆಲೆ ಏರಿಸುವುದು ಸುಲಭ, ಇಳಿಸುವುದು ಕಷ್ಟ. ಮೊದಲು ಕೊಂಡವರಿಗೆ ಮೋಸ ಮಾಡಿದ ಹಾಗಾಗುತ್ತದೆ.

ಚೌಕಾಸಿ ಮಾಡಿದರೆ?

ಶೇ 10ರವರೆಗೆ ಬಿಡಬಹುದು ಅಂತ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಅದಕ್ಕಿಂತ ಕೆಳಗೆ ಕೇಳಿದರೆ ಚಿಕ್ಕ ಚಿತ್ರ ತೋರಿಸಿ, ಇಲ್ಲವೇ ಎರಡು ಮೂರು ಕಂತಿನಲ್ಲಿ ಕೊಡಿ ಅನ್ನಿ. ಮುಂಗಡ ಪಡೆದ ಮೇಲೆಯೇ ಮಾರಾಟವಾಗಿದೆ ಅನ್ನುವ ಗುರುತಿನ ಕೆಂಪು ಚುಕ್ಕಿ ಅಂಟಿಸಿ. ಬಾಯಿಮಾತಿಗೆ ಅಂಟಿಸಿದರೆ ನಿಜವಾಗಿ ಕೊಳ್ಳುವವರು ಅದನ್ನು ನೋಡಿ ಮುಂದೆ ಹೋಗುತ್ತಾರೆ.

ಜಿಎಸ್‌ಟಿ ಕಟ್ಟಬೇಕಾ?

ರಾಜ್ಯದೊಳಗೇ ಸರಕು ಮಾರುವವರ ವಾರ್ಷಿಕ ವಹಿವಾಟು ₹40 ಲಕ್ಷದೊಳಗಿದ್ದರೆ ನೋಂದಣಿ ಕಡ್ಡಾಯವಲ್ಲ. ಹೊಸಬರಲ್ಲಿ ಹೆಚ್ಚಿನವರು ಇದರೊಳಗೇ ಬರುತ್ತಾರೆ. ಕೈಯಲ್ಲೇ ಬರೆದ ಮೂಲ ಚಿತ್ರಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬೇರೆ ರಾಜ್ಯಕ್ಕೆ ಮಾರುವಾಗ ನಿಯಮ ಬೇರೆ, ಒಮ್ಮೆ ಆಡಿಟರ್ ಹತ್ತಿರ ಕೇಳಿಕೊಳ್ಳಿ. ಏನೇ ಆದರೂ ರಸೀದಿ ಪುಸ್ತಕ ಇರಲಿ.

ಉದ್ಘಾಟನೆಗೆ ದೊಡ್ಡವರನ್ನು ಕರೆಯಲೇಬೇಕಾ?

ಚಿತ್ರ ನೋಡುವವರನ್ನು ಕರೆಯಿರಿ. ವೇದಿಕೆ, ಶಾಲು, ಹಾರ, ಐದು ಭಾಷಣ ಆಗುವಷ್ಟರಲ್ಲಿ ಬಂದವರು ಚಿತ್ರಕ್ಕೆ ಬೆನ್ನು ಹಾಕಿ ಒಂದು ಗಂಟೆ ಕೂತಿರುತ್ತಾರೆ. ಒಬ್ಬ ಹಿರಿಯ ಕಲಾವಿದರು ಹತ್ತು ನಿಮಿಷ ಮಾತಾಡಲಿ. ಆಮೇಲೆ ಎಲ್ಲರೂ ಒಟ್ಟಿಗೆ ಗೋಡೆಯ ಉದ್ದಕ್ಕೂ ನಡೆಯಲಿ. ದೀಪ ಬೆಳಗುವ ಕಂಬವನ್ನು ಚಿತ್ರಗಳಿಂದ ದೂರ, ಸಾಧ್ಯವಾದರೆ ಗ್ಯಾಲರಿಯ ಹೊರಗೆ ಇಡಿ. ಚಹಾ ತಿಂಡಿಯೂ ಹೊರಗೇ. ಪತ್ರಿಕೆಗಳಿಗೆ ಆಹ್ವಾನದ ಜೊತೆ ಎರಡು ಒಳ್ಳೆಯ ಫೋಟೋ, ಕನ್ನಡದಲ್ಲಿ ಒಂದು ಪ್ಯಾರಾ ಒಂದು ವಾರ ಮೊದಲು ತಲುಪಿಸಿ.

ದಿನವಿಡೀ ಗ್ಯಾಲರಿಯಲ್ಲಿ ಕೂರಬೇಕಾ?

ಹೌದು, ಆದಷ್ಟು ಹೊತ್ತು ಇರಿ. ಬಂದವರ ಬೆನ್ನು ಹತ್ತಿ ವಿವರಿಸಬೇಡಿ. ಅವರಾಗಿ ತಿರುಗಿ ನೋಡಿದಾಗ ಹೋಗಿ ಮಾತಾಡಿಸಿ. "ಇದರ ಅರ್ಥ ಏನು?" ಅಂತ ಕೇಳಿದರೆ ಬೇಸರ ಬೇಡ. "ನಿಮಗೆ ಏನು ಕಾಣುತ್ತಿದೆ?" ಅಂತ ಪ್ರೀತಿಯಿಂದ ಕೇಳಿ, ಆಮೇಲೆ ನಿಮ್ಮದನ್ನು ಹೇಳಿ. ಅಭಿಪ್ರಾಯ ಪುಸ್ತಕದಲ್ಲಿ ಫೋನ್ ನಂಬರಿಗೂ ಒಂದು ಕಾಲಂ ಇರಲಿ. ಮುಂದಿನ ಪ್ರದರ್ಶನದ ಆಹ್ವಾನ ಕಳಿಸುವುದು ಆ ಪಟ್ಟಿಗೇ.

ಚಿತ್ರ ಮಾರಿದ ಮೇಲೆ ಅದರ ಮೇಲೆ ನನಗೆ ಹಕ್ಕು ಇರುತ್ತದಾ?

ಇರುತ್ತದೆ. ಕೊಂಡವರಿಗೆ ಸೇರುವುದು ಆ ಕ್ಯಾನ್ವಾಸ್. ಅದನ್ನು ಕ್ಯಾಲೆಂಡರ್, ಪುಸ್ತಕದ ಮುಖಪುಟ ಮಾಡುವ ಹಕ್ಕು ನೀವು ಬರೆದುಕೊಡದ ಹೊರತು ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಕಲಾವಿದರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಇರುತ್ತದೆ. ಆದರೆ ಯಾರಾದರೂ ಹಣ ಕೊಟ್ಟು ಹೇಳಿ ಬರೆಸಿದ ಚಿತ್ರವಾದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಕ್ಕು ಬರೆಸಿದವರಿಗೆ ಹೋಗುತ್ತದೆ. ಅಂಥ ಕೆಲಸ ಒಪ್ಪಿಕೊಳ್ಳುವಾಗ ಒಂದು ಸಾಲು ಬರೆಸಿಕೊಳ್ಳಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಮೂಲ ಚಿತ್ರ ಮುಂದೆ ₹10,000ಕ್ಕಿಂತ ಹೆಚ್ಚಿಗೆ ಮರುಮಾರಾಟವಾದರೆ ಅದರಲ್ಲಿ ಪಾಲು ಕೇಳುವ ಹಕ್ಕು ಇದೇ ಕಾಯ್ದೆಯಲ್ಲಿದೆ. ಆ ಪಾಲು ಶೇ 10 ಮೀರುವಂತಿಲ್ಲ. ಆದ್ದರಿಂದ ಯಾವ ಚಿತ್ರ ಯಾರ ಮನೆಗೆ ಹೋಯಿತು ಅನ್ನುವ ದಾಖಲೆ ಇಟ್ಟುಕೊಳ್ಳಿ.

ಒಂದೂ ಮಾರಾಟವಾಗದಿದ್ದರೆ?

ಮೊದಲ ಪ್ರದರ್ಶನದಲ್ಲಿ ಹಾಗಾಗುವುದು ಅಪರೂಪವೇನಲ್ಲ. ಖರ್ಚು ವಾಪಸ್ ಬರುತ್ತದೆ ಅಂತ ಸಾಲ ಮಾಡಿ ಪ್ರದರ್ಶನ ಮಾಡಬೇಡಿ. ಕೈಯಲ್ಲಿರುವ ದುಡ್ಡಿಗೆ ತಕ್ಕ ಗ್ಯಾಲರಿ ನೋಡಿ. ಆಸಕ್ತಿ ತೋರಿಸಿ ಹೋದವರಿಗೆ ಮುಗಿದ ವಾರದೊಳಗೆ ಆ ಚಿತ್ರದ ಫೋಟೋ ಜೊತೆ ಒಂದು ಸಂದೇಶ ಕಳಿಸಿ. ಮನೆಯವರ ಜೊತೆ ಮಾತಾಡಿಕೊಂಡು ಆಮೇಲೆ ಕೊಳ್ಳುವವರು ತುಂಬ ಜನ ಇರುತ್ತಾರೆ.

ಕೊನೆಯ ದಿನ ಏನೇನು ಕೆಲಸ?

ಮೊಳೆ ಕಿತ್ತು ತೂತು ಮುಚ್ಚುವುದು ನಿಮ್ಮ ಪಾಲಿಗಿದ್ದರೆ ಪುಟ್ಟಿ ಒಯ್ಯಿರಿ. ಚಿತ್ರಗಳನ್ನು ಪಟ್ಟಿ ಹಿಡಿದು ಒಂದೊಂದಾಗಿ ಗುರುತು ಹಾಕುತ್ತಾ ಇಳಿಸಿ. ಮಾರಾಟವಾದವನ್ನು ಬೇರೆ ಕಡೆ ನಿಲ್ಲಿಸಿ, ಹಿಂದೆ ಸಹಿ, ಶೀರ್ಷಿಕೆ, ವರ್ಷ ಇದೆಯಾ ನೋಡಿ. ಪೂರ್ತಿ ಹಣ ಬಂದ ಮೇಲೆ ಕಟ್ಟಿ ಕೊಡಿ. ಠೇವಣಿ ವಾಪಸ್ ಪಡೆಯುವ ರಸೀದಿ ಜೇಬಿನಲ್ಲಿರಲಿ, ಸಂಜೆ ಐದರ ಮೇಲೆ ಕಚೇರಿಯಲ್ಲಿ ಯಾರೂ ಇರುವುದಿಲ್ಲ.